ವರಮಹಾಲಕ್ಷ್ಮಿ ದಿನದ ಸಭೆ

"ಅಯ್ಯೋ, ಅಲ್ಲಿ ಕಾಲಿಡ್ಬೇಡಿ ಸಾಮೀ!"

ಸುನಂದ ಕೂಗುವಷ್ಟರಲ್ಲಿ ಕೋದಂಡರಾಮಪ್ಪನವರ ಬಲಗಾಲು ಹೊಸ್ತಿಲಿನ ಸುಣ್ಣದ ಪುಡಿಯನ್ನು ತುಳಿದಾಗಿತ್ತು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಗರಿಗರಿ ಪಂಚೆ, ಹೆಗಲ ಮೇಲೆ ಜರಿಯಂಚಿನ ಶಲ್ಯ, ಮಾರು ದೂರದಿಂದಲೇ ಮೂಗಿಗೆ ಅಡರುವ ಅತ್ತರು. ಎಲ್ಲೋ ಸನ್ಮಾನ ಮಾಡಿಸಿಕೊಳ್ಳಲು ಹೊರಟವರು ದಾರಿಯಲ್ಲಿ ಇಳಿದಂತೆ ಕಾಣುತ್ತಿದ್ದರು.

"ಹುಳದ ಮನೆ ಅದು. ನಾಲ್ಕನೇ ಜ್ವರಕ್ಕೆ, ಪೊರೆ ಬಿಡೋಕೆ ಕೂತಿದಾವೆ. ಈ ವಾಸ್ನೆ ಒಳಗೆ ಹೋದ್ರೆ ಒಂದೂ ಮೇಲೇಳಲ್ಲ. ಈ ಕಡೆ ಬನ್ನಿ, ಜಗಲಿಗೆ," ಎನ್ನುತ್ತ ಸುನಂದ ಸೆರಗನ್ನು ಮೂಗಿಗೆ ಹಿಡಿದುಕೊಂಡಳು.

"ನಡುಮನೆ ಅಂದ್ಕೊಂಡೆನಮ್ಮಾ."

"ನಡುಮನೇನೇ ಸಾಮಿ. ನಮ್ಮತ್ತೆ ಈ ಮನೆಗೆ ಬಂದಾಗಿಂದ ನಡುಮನೇಲಿ ರೇಷ್ಮೆ ಹುಳ, ಮನುಷ್ಯರೆಲ್ಲ ಜಗಲೀಲಿ."

ಜಗಲಿಯ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ವಕೀಲೆ ಶ್ರೀವಾಣಿ ಇಷ್ಟನ್ನೂ ನೋಡಿದಳು. ನೋಡಿ, ತೊಡೆಯ ಮೇಲಿನ ಕಾಗದದಲ್ಲಿ ಒಂದು ಸಾಲು ಬರೆದುಕೊಂಡಳು. ಮೂರೂವರೆ ತಿಂಗಳ ಹಿಂದೆ ಇದೇ ಮನೆಯ ನಡುಮನೆಯಲ್ಲಿ ಎರಡು ಗಂಟೆ ಕೂತು ಸಭೆ ನಡೆಸಿದ್ದೇನೆ ಎಂದು ಕೋರ್ಟಿಗೆ ಪ್ರಮಾಣ ಮಾಡಿ ಬರೆದುಕೊಟ್ಟ ಮನುಷ್ಯನಿಗೆ ಆ ನಡುಮನೆಯಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ.

ಗಂಗರತ್ನಮ್ಮ ಟ್ರಸ್ಟಿನ ಮಾವಿನ ತೋಪು ಹೇಗೆ ಕೈಬಿಟ್ಟು ಹೋಯಿತೆಂದು ವಿಚಾರಿಸಿ ವರದಿ ಕೊಡಲು ಕೋಲಾರದ ಜಿಲ್ಲಾ ನ್ಯಾಯಾಲಯ ಅವಳನ್ನು ಕಮಿಷನರ್ ಆಗಿ ನೇಮಿಸಿ ಹನ್ನೆರಡು ದಿನವಾಗಿತ್ತು. ವರದಿ ಸೋಮವಾರ ಜಡ್ಜರ ಮೇಜಿನ ಮೇಲಿರಬೇಕು. ಇವತ್ತು ಶುಕ್ರವಾರ.

ಹಿಂದಿನ ದಿನ ಅವಳು ಗೌನಿಪಲ್ಲಿಯ ಆ ತೋಪನ್ನು ನೋಡಿ ಬಂದಿದ್ದಳು. ತೋಪು ಎನ್ನಲು ಅಲ್ಲಿ ಉಳಿದದ್ದು ಅರ್ಧ ಮಾತ್ರ. ಬಾದಾಮಿ, ಮಲಗೋವ, ರಸಪೂರಿ, ಒಂದೊಂದೂ ಇಬ್ಬರು ತಬ್ಬುವಷ್ಟು ದಪ್ಪದ ಮರಗಳು, ನೆಲಮಟ್ಟಕ್ಕೆ ಕೊಯ್ದು ಬಿದ್ದಿದ್ದವು. ಅಲ್ಲಿಂದ ಶ್ರೀನಿವಾಸಪುರಕ್ಕೆ ಬಂದು ಆ ತೋಪಿನ ಫಸಲಿನಲ್ಲೇ ನಡೆಯುತ್ತಿದ್ದ ಹುಡುಗಿಯರ ಹಾಸ್ಟೆಲನ್ನೂ ನೋಡಿದಳು. ದೀಪಾವಳಿಗೆ ಊರಿಗೆ ಹೋದ ನಲವತ್ತೆರಡು ಹುಡುಗಿಯರಿಗೆ ವಾಪಸು ಬರಬೇಡಿ ಎಂದು ಹೇಳಲಾಗಿತ್ತು. ಅಡುಗೆಮನೆಯ ಡಬ್ಬಿಯಲ್ಲಿ ಉಳಿದ ಅಕ್ಕಿಯನ್ನು ಕೈಯಲ್ಲಿ ಎತ್ತಿದರೆ ನುಸಿ ಹಿಡಿದು ಗಂಟುಗಂಟಾಗಿ ಬಂತು. ಇದು ಈಗ ಕೆಟ್ಟದ್ದಲ್ಲ, ಹುಡುಗಿಯರು ಇದನ್ನೇ ಕೇರಿ ಉಣ್ಣುತ್ತಿದ್ದರು ಎಂದು ಅಡುಗೆಯ ಭಾರತಮ್ಮ ಹೇಳಿದಳು. ಪಕ್ಕದ ಟ್ರಸ್ಟ್ ಆಫೀಸಿನಲ್ಲಿ ಮಾತ್ರ ಎ.ಸಿ., ಮೆತ್ತನೆಯ ಕುರ್ಚಿ, ಗೋಡೆಯ ತುಂಬ ಕೋದಂಡರಾಮಪ್ಪನವರು ಹಾರ ಹಾಕಿಸಿಕೊಳ್ಳುತ್ತಿರುವ ಫೋಟೋಗಳು.

ಈಗ ಅದೇ ಮನುಷ್ಯ ಜಗಲಿಯ ಮೇಲೆ ಶಲ್ಯ ಹಾಸಿಕೊಂಡು ಅದರ ಮೇಲೆ ಕೂತರು.

"ಶುರು ಮಾಡೋಣ್ವಾ ತಾಯಿ? ನನಗೆ ಮಧ್ಯಾಹ್ನ ಒಂದು ಮದುವೆ ಇದೆ."

ಅರ್ಧ ತಾಲ್ಲೂಕಿಗೆ ಪಾಠ ಹೇಳಿದ ನಿವೃತ್ತ ಹೆಡ್‌ಮಾಸ್ಟರು. ಟ್ರಸ್ಟಿನ ಆಡಳಿತವೆಲ್ಲ ಇವರ ಕೈಯಲ್ಲಿ. ಇನ್ನಿಬ್ಬರು ಟ್ರಸ್ಟಿಗಳಲ್ಲಿ ಒಬ್ಬಳು ಈ ಮನೆಯ ಯಜಮಾನಿ, ಸುನಂದಳ ಅತ್ತೆ ದೊಡ್ಡಮುನಿಯಮ್ಮ. ಇನ್ನೊಬ್ಬ ಮುಳಬಾಗಿಲಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅಮರನಾಥ್, ಇವರದೇ ಹಳೆಯ ಶಿಷ್ಯ. ಜ್ವರ, ಬರಲಾಗುವುದಿಲ್ಲ ಎಂದು ಬೆಳಿಗ್ಗೆ ಮೇಷ್ಟ್ರಿಗೆ ಒಂದು ಮೆಸೇಜು ಕಳಿಸಿದ್ದ.

ದೊಡ್ಡಮುನಿಯಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅರವತ್ತೆಂಟು ವರ್ಷ, ಗಂಟು ಬಿದ್ದ ಬೆರಳುಗಳು. ಸರ್ಕಾರಿ ನರ್ಸಾಗಿದ್ದ ಗಂಗರತ್ನಮ್ಮ ಸುತ್ತಲಿನ ಹತ್ತಾರು ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದಾಕೆ. ಮಕ್ಕಳಿಲ್ಲದ ಆಕೆ ತನ್ನ ತೋಪನ್ನೂ ಮನೆಯನ್ನೂ ಹಳ್ಳಿಯ ಹುಡುಗಿಯರ ಓದಿಗೆ ಬರೆದಿಟ್ಟಾಗ, ಅಕ್ಷರ ಬಾರದ ಈ ಗೆಳತಿಯ ಹೆಸರನ್ನೂ ಟ್ರಸ್ಟಿಗಳಲ್ಲಿ ಸೇರಿಸಿದ್ದಳು. ಆರು ವರ್ಷದ ಹಿಂದೆ ಆಕೆ ತೀರಿಕೊಂಡ ಮೇಲೆ ಈ ಮೂವರದೇ ಟ್ರಸ್ಟು.

"ಮೊದಲು ಕಾನೂನು ತಿಳ್ಕೊಳ್ಳಿ," ಎಂದು ಮೇಷ್ಟ್ರು ಚೀಲದಿಂದ ಟ್ರಸ್ಟ್ ಪತ್ರದ ನಕಲು ತೆಗೆದು ಕನ್ನಡಕ ಏರಿಸಿದರು. "ಹನ್ನೊಂದನೇ ಕಲಂ. ಟ್ರಸ್ಟಿನ ಹಿತಕ್ಕೆ ಅಗತ್ಯ ಅನ್ನಿಸಿದ್ರೆ, ಸ್ಥಿರಾಸ್ತಿ ಮಾರೋ ಅಧಿಕಾರ ಟ್ರಸ್ಟಿಗಳಿಗೆ ಇದೆ. ಅಧಿಕಾರ ಇದೆ, ಮಾರಿದ್ವಿ. ಕಳ್ಳತನ ಏನಿದೆ ಇದರಲ್ಲಿ?"

"ಪೂರ್ತಿ ಓದಿ ಮೇಷ್ಟ್ರೇ."

"ಓದಿದ್ನಲ್ಲ."

"ಅಧಿಕಾರ ಇದೆ ಅಂತ ಓದಿದ್ರಿ. ಅದರ ಕೆಳಗಿನ ಸಾಲು?"

ಅವರು ಕೆಮ್ಮಿದರು. ಕೆಳಗಿನ ಸಾಲು ಶ್ರೀವಾಣಿಗೆ ಬಾಯಿಪಾಠವಾಗಿತ್ತು. ಮೂವರೂ ಟ್ರಸ್ಟಿಗಳು ಒಂದೇ ಕಡೆ ಕೂತು, ಚರ್ಚಿಸಿ, ಮೂವರೂ ಒಪ್ಪಿದರೆ ಮಾತ್ರ. ಒಬ್ಬರು ಇಲ್ಲದಿದ್ದರೂ ಮಾರಾಟ ನಡೆಯದು. ಗಂಗರತ್ನಮ್ಮನಿಗೆ ಮನುಷ್ಯರ ಪರಿಚಯ ಚೆನ್ನಾಗಿಯೇ ಇತ್ತು.

"ತಗೊಂಡಿದ್ದು ಮುರಳಿಮೋಹನ್. ನಿಮ್ಮ ಅಳಿಯ. ಟ್ರಸ್ಟಿ ಆದವರು ಟ್ರಸ್ಟಿನ ಆಸ್ತಿ ತಾವೇ ತಗೋಬಾರದು, ಮನೆಯವರ ಹೆಸರಲ್ಲೂ ತಗೋಬಾರದು. ಇದು ನಿಮಗೆ ಗೊತ್ತಿರ್ಲಿಲ್ವಾ?"

"ಅಳಿಯ ಅಂದ್ರೆ ನಾನಾ? ಅವನ ಗೋತ್ರವೇ ಬೇರೆ," ಎಂದರು ಮೇಷ್ಟ್ರು, ನಗುನಗುತ್ತ. ಪಾಠ ಒಪ್ಪಿಸದ ಹುಡುಗಿಗೆ ಬುದ್ಧಿ ಹೇಳುವ ನಗು ಅದು.

ಥೂ, ಎಂದುಕೊಂಡಳು ಶ್ರೀವಾಣಿ ಮನಸ್ಸಿನಲ್ಲೇ. ನುಸಿ ಅಕ್ಕಿ ತಿನ್ನಿಸಿದವನ ಬಾಯಲ್ಲಿ ಗೋತ್ರದ ಮಾತು. ಆದರೆ ಅವಳಿಗೆ ಗೊತ್ತಿತ್ತು, ಈ ಅಳಿಯನ ಮಾತನ್ನು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಬಹುದು. ಅಷ್ಟರಲ್ಲಿ ಉಳಿದರ್ಧ ತೋಪೂ ಸೌದೆಯಾಗುತ್ತದೆ, ಹಾಸ್ಟೆಲಿಗೆ ಬೀಗ ಹಾಗೇ ಉಳಿಯುತ್ತದೆ. ಮೂವರೂ ಕೂತು ಒಪ್ಪಲೇ ಇಲ್ಲ ಎಂದು ತೋರಿಸಿಬಿಟ್ಟರೆ ಹಾಗಲ್ಲ. ಮಾರಾಟದ ಬುಡವೇ ಕಳಚುತ್ತದೆ, ಸೋಮವಾರವೇ ಜಡ್ಜರು ತಡೆ ಕೊಡುತ್ತಾರೆ.

ಅವಳು ಟ್ರಸ್ಟಿನ ನಡಾವಳಿ ಪುಸ್ತಕವನ್ನು ತೆರೆದು ಗಟ್ಟಿಯಾಗಿ ಓದಿದಳು.

"ಆಗಸ್ಟ್ ಎಂಟು, ಶುಕ್ರವಾರ, ಶ್ರೀ ವರಮಹಾಲಕ್ಷ್ಮಿ ಹಬ್ಬದ ಶುಭದಿನ. ಬೆಳಿಗ್ಗೆ ಹನ್ನೊಂದು ಗಂಟೆಗೆ ಟ್ರಸ್ಟಿ ಶ್ರೀಮತಿ ದೊಡ್ಡಮುನಿಯಮ್ಮನವರ ಸ್ವಗೃಹದ ನಡುಮನೆಯಲ್ಲಿ ಮೂವರೂ ಟ್ರಸ್ಟಿಗಳು ಹಾಜರಿದ್ದು, ದೇವಿಗೆ ಧೂಪ ದೀಪಗಳನ್ನು ಬೆಳಗಿ ಸಭೆಯನ್ನು ಆರಂಭಿಸಲಾಯಿತು. ಇದನ್ನ ಬರೆದದ್ದು ಯಾರು?"

"ನಾನೇ. ನನ್ನ ಅಕ್ಷರ ಯಾರಿಗೆ ಗೊತ್ತಿಲ್ಲ?"

"ಅಕ್ಷರ ಚೆನ್ನಾಗಿದೆ. ನೀವು ಎಲ್ಲಿ ಕೂತಿದ್ರಿ?"

"ನಡುಮನೇಲಿ, ಚಾಪೆ ಮೇಲೆ."

"ಧೂಪ ಹಾಕಿದ್ದು?"

"ಹಬ್ಬ ಅಲ್ವೇನಮ್ಮಾ! ಒಂದು ಕಟ್ಟು ಊದುಬತ್ತಿ ಹಚ್ಚಿದ್ವಿ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿದ್ರು. ಮನೆಯೆಲ್ಲಾ ಘಮ್ಮಂತಿತ್ತು. ಅಂಥಾ ಪವಿತ್ರ ವಾತಾವರಣದಲ್ಲಿ ತೀರ್ಮಾನ ತಗೊಂಡ್ವಿ."

ದೊಡ್ಡಮುನಿಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೇಬಿಟ್ಟಳು. "ಅಯ್ಯೋ ದೇವುಡಾ! ಹುಳದ ಮನೇಲಿ ಸಾಂಬ್ರಾಣಿ ಅಂತೆ ಕಣೇ ಸುನಂದಾ! ಮೇಷ್ಟ್ರೇ, ನಮ್ಮನೇಲಿ ಬೀಡಿ ಸೇದಿ ಬಂದೋನಿಗೆ ನೀರು ಕೂಡ ಕೊಡಲ್ಲ. ನನ್ನ ಮಗ ಮದುವೇಗೆ ಹೋಗಿ ಸೆಂಟು ಹಾಕ್ಕೊಂಡು ಬಂದ್ರೆ ಸ್ನಾನ ಮಾಡೋ ಗಂಟ ಹೊರಗೇ ನಿಲ್ಲಿಸ್ತೀನಿ."

ಹೋಳೂರಿನ ರೇಷ್ಮೆ ಮನೆಯಲ್ಲಿ ಹುಟ್ಟಿ ಬೆಳೆದ ಶ್ರೀವಾಣಿಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ. ಮಲ್ಲಿಗೆ ಮುಡಿದು ಹುಳದ ತಟ್ಟೆಯ ಹತ್ತಿರ ಹೋಗಿದ್ದಕ್ಕೆ ಅವಳ ಅಜ್ಜಿ ಜಡೆ ಹಿಡಿದು ಆಚೆಗೆ ಎಳೆದಿದ್ದಳು. ಹೊಗೆ, ಸುಗಂಧ, ಹೊಗೆಸೊಪ್ಪು, ಯಾವುದೂ ಹುಳಕ್ಕೆ ಆಗದು. ಈ ಸುತ್ತಿನಲ್ಲಿ ಯಾವ ಕೂಲಿಯವನಿಗೂ ಗೊತ್ತಿರುವ ಸಂಗತಿ. ಮೇಷ್ಟ್ರು ಮೂವತ್ತೆಂಟು ವರ್ಷ ಈ ಮನೆಗಳ ಮಕ್ಕಳಿಗೆ ಪಾಠ ಹೇಳಿದ್ದರು. ಒಂದು ದಿನವಾದರೂ ಅವರ ಮನೆಯೊಳಗೆ ಇಣುಕಿರಲಿಲ್ಲ.

ಮೇಷ್ಟ್ರು ಮಾತ್ರ ಕದಲಲಿಲ್ಲ. "ವರ್ಷವಿಡೀ ಹುಳ ಇರುತ್ತಾ? ಒಂದು ಬೆಳೆ ಮುಗಿದು ಇನ್ನೊಂದು ಶುರು ಆಗೋ ಮಧ್ಯೆ ಮನೆ ಖಾಲಿ ಇರುತ್ತೆ. ನಾವು ಬಂದಾಗ ಖಾಲಿ ಇತ್ತು."

"ಇರಬಹುದು," ಎಂದಳು ಶ್ರೀವಾಣಿ. "ಸುನಂದಾ, ಆಗಸ್ಟ್ ತಿಂಗಳ ಗೂಡು ಎಲ್ಲಿ ಮಾರಿದ್ರಿ?"

"ಕೋಲಾರದ ಮಾರ್ಕೆಟ್ಟಲ್ಲಿ ಮೇಡಂ. ಚೀಟಿ ಇದೆ."

ಚೀಟಿ ಬಂತು. ರೇಷನ್ ಕಾರ್ಡು, ಆಧಾರು, ಪಾಸ್‌ಬುಕ್ಕು ಎಲ್ಲವನ್ನೂ ತುರುಕಿದ ಪ್ಲಾಸ್ಟಿಕ್ ಕವರಿನೊಳಗಿಂದ, ನಾಲ್ಕು ಮಡಿಕೆಯಾಗಿ. ಗೂಡಿನ ಮಾರುಕಟ್ಟೆಯ ಲಾಟ್ ಚೀಟಿ. ಮೇಲೆ ದೊಡ್ಡಮುನಿಯಮ್ಮನ ಹೆಸರು, ಕೆಳಗೆ ತಾರೀಕು: ಆಗಸ್ಟ್ ಹದಿನಾಲ್ಕು.

"ಮೇಷ್ಟ್ರೇ, ನೀವು ಲೆಕ್ಕದ ಮೇಷ್ಟ್ರಲ್ವಾ? ಹಿಂದಕ್ಕೆ ಎಣಿಸಿ. ಗೂಡು ಮಾರಿದ್ದು ಹದಿನಾಲ್ಕಕ್ಕೆ. ಬಿದಿರಿನ ಚಂದ್ರಿಕೆ ತಟ್ಟೆಯಿಂದ ಗೂಡು ಬಿಡಿಸೋದು ಹುಳ ಹತ್ತಿದ ಆರನೇ ದಿನಕ್ಕೆ. ಹುಳ ಹಣ್ಣಾಗಿ ನೂಲು ಬಿಡೋಕೆ ತಯಾರಾಗಿದ್ದು ಯಾವತ್ತು?"

ಮೇಷ್ಟ್ರು ಎಣಿಸಲಿಲ್ಲ. ಸುನಂದ ಎಣಿಸಿದಳು, ಬೆರಳು ಮಡಿಚಿ. "ಎಂಟಕ್ಕೇ ಮೇಡಂ! ಅದಕ್ಕೇ ಅಲ್ವಾ ನಾವು ಅವತ್ತು ಹಬ್ಬಾನೇ ಮಾಡ್ಲಿಲ್ಲ. ಕಳಶ ಇಟ್ಟಿದ್ದು ಮುಂದಿನ ಶುಕ್ರವಾರ. ಹುಳ ಹಣ್ಣಾದ ದಿನ ತಟ್ಟೆ ಮುಂದಿನ ಅನ್ನ ಬಿಟ್ಟು ಎದ್ದು ಓಡ್ಬೇಕು. ಆಯ್ದು ಆಯ್ದು ಚಂದ್ರಿಕೆಗೆ ಬಿಡ್ಬೇಕು, ಇಲ್ಲಾಂದ್ರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳಾಗ್ತವೆ. ನಮ್ಮತ್ತೆ ಅವತ್ತು ಕತ್ತಲಾಗೋವರೆಗೂ ಸೊಂಟ ನೆಟ್ಟಗೆ ಮಾಡ್ಲಿಲ್ಲ."

ಶುಭದಿನ ನೋಡಿ ಸುಳ್ಳು ಸಭೆ ಬರೆದ ಮೇಷ್ಟ್ರು ಪಂಚಾಂಗವನ್ನಷ್ಟೇ ನೋಡಿದ್ದರು. ಇನ್ನೇನು ಹೇಳುತ್ತಾರೋ ಎಂದು ಶ್ರೀವಾಣಿ ಕಾದಳು. ನಾಚಿಕೆಯನ್ನು, ಕಡೇಪಕ್ಷ ಗಾಬರಿಯನ್ನು ನಿರೀಕ್ಷಿಸಿದ್ದಳು.

ಮೇಷ್ಟ್ರು ಕನ್ನಡಕ ತೆಗೆದು ಶಲ್ಯದ ತುದಿಯಿಂದ ಒರೆಸಿದರು. "ಸರಿ. ಸಭೆ ಆಗ್ಲಿಲ್ಲ. ಪುಸ್ತಕ ಬರೆದು ಅಮರನಾಥನ ಕೈಲಿ ಕೊಟ್ಟು ಕಳಿಸಿದೆ. ಆಕೆ ಸಹಿ ಹಾಕಿದ್ರು, ಅವನು ಹಾಕಿದ, ನಾನು ಹಾಕಿದೆ. ಎಲ್ಲಾ ಟ್ರಸ್ಟಲ್ಲೂ ಹೀಗೇ ನಡೆಯೋದು ತಾಯಿ. ನೀವೇನು ಹೊಸಬರಾ?"

ಹೀಗೆ ಹೇಳಲು ಎಷ್ಟು ಸಲೀಸಾಗಿ ಬಂತು ಅವರಿಗೆ! ಪ್ರಮಾಣ ಮಾಡಿದ್ದು, ದೇವಿಗೆ ಧೂಪ ಹಾಕಿದ್ದು, ಪವಿತ್ರ ವಾತಾವರಣ, ಎಲ್ಲವನ್ನೂ ಎಲೆಯಡಿಕೆ ಉಗಿದಷ್ಟು ಸುಲಭವಾಗಿ ಉಗಿದು ಬಾಯಿ ಒರೆಸಿಕೊಂಡರು. ಶ್ರೀವಾಣಿಗೆ ಅಲ್ಲಿಂದ ಎದ್ದು ಹೋಗಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತು.

"ಬರ್ಕೊಳ್ಳಿ," ಎಂದರು ಮೇಷ್ಟ್ರು. "ಆದ್ರೆ ಪೂರ್ತಿ ಬರ್ಕೊಳ್ಳಿ. ಟ್ರಸ್ಟಿ ಅಂದ್ರೆ ನಾನೊಬ್ಬನೇ ಅಲ್ಲ. ಈ ತಾಯಿ ಆರು ವರ್ಷದಲ್ಲಿ ಒಂದು ಸಭೆಗೂ ಬಂದಿಲ್ಲ. ಒಂದು ದಿನ ಹಾಸ್ಟೆಲ್ ಮೆಟ್ಟಿಲು ಹತ್ತಿಲ್ಲ. ಎಲ್ಲಾ ನೀವೇ ನೋಡ್ಕೊಳಿ ಮೇಷ್ಟ್ರೇ ಅಂತ ನನ್ನ ತಲೆಗೆ ಕಟ್ಟಿದ್ರು. ತನ್ನ ಕರ್ತವ್ಯ ಇನ್ನೊಬ್ಬರಿಗೆ ವಹಿಸಿ ಸುಮ್ನಿರೋಕೆ ಟ್ರಸ್ಟಿಗೆ ಹಕ್ಕಿದೆಯಾ? ನೀವೇ ಹೇಳಿ, ಲಾಯರು."

ಉತ್ತರವನ್ನೂ ಮೇಷ್ಟ್ರೇ ಕೊಟ್ಟರು.

"ಇಲ್ಲ. ನನಗೆ ಗೊತ್ತಿರಲಿಲ್ಲ ಅನ್ನೋದು ಟ್ರಸ್ಟಿಯ ಬಾಯಲ್ಲಿ ಬರೋ ಹಾಗೇ ಇಲ್ಲ. ಜೊತೆಗಿರೋ ಟ್ರಸ್ಟಿ ತಪ್ಪು ಮಾಡ್ತಿದ್ರೆ ಕಣ್ಣು ಮುಚ್ಕೊಂಡಿದ್ದವರೂ ಹೊಣೆ. ತೋಪು ಹೋದ ನಷ್ಟ ಕೋರ್ಟು ಕಟ್ಟಿಸಿದ್ರೆ, ನನ್ನಿಂದ ಮಾತ್ರ ಅಲ್ಲ, ಈಕೆಯ ಹಿಪ್ಪುನೇರಳೆ ಹೊಲದಿಂದಾನೂ ಕಟ್ಟಿಸುತ್ತೆ. ನನ್ನ ಹೆಸರಲ್ಲಿ ಏನಿದೆ? ಎಲ್ಲಾ ಮಗಳ ಹೆಸರಲ್ಲಿದೆ."

ದೊಡ್ಡಮುನಿಯಮ್ಮ ಶ್ರೀವಾಣಿಯ ಮುಖ ನೋಡಿದಳು. "ಏಮಮ್ಮಾ ಲಾಯರಮ್ಮಾ, ನಿಜವಾ?"

ನಿಜವೇ ಆಗಿತ್ತು. ಇದೇ ಶ್ರೀವಾಣಿಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸಿದ್ದು. ತೋಪು ನುಂಗಿದವನಿಗೂ ಸೊಂಟ ಬಗ್ಗಿಸಿ ಹುಳ ಆಯ್ದವಳಿಗೂ ಕಾನೂನಿನಲ್ಲಿ ಒಂದೇ ಹೆಸರು, ಟ್ರಸ್ಟಿ. ಅವನಿಗೆ ಆ ಕಾನೂನು ಅಕ್ಷರಶಃ ಗೊತ್ತು. ಪಾಲಿಸಲು ಕಲಿತದ್ದಲ್ಲ, ಇನ್ನೊಬ್ಬರ ಕುತ್ತಿಗೆಗೆ ಹಾಕಲು ಕಲಿತದ್ದು.

"ನಿಜ ಕಣಮ್ಮಾ," ಎಂದಳು. "ಅವರು ಹೇಳಿದ್ರಲ್ಲಿ ಸುಳ್ಳಿಲ್ಲ. ನೀವು ಆ ಸಭೆಗೆ ಇರ್ಲಿಲ್ಲ ಅಂತ ನಾನು ಬರೆದ್ರೆ ತೋಪು ಉಳಿಯುತ್ತೆ, ಹಾಸ್ಟೆಲ್ ತೆಗೀತಾರೆ. ಆದ್ರೆ ಇಷ್ಟು ವರ್ಷ ಯಾಕೆ ನೋಡ್ಲಿಲ್ಲ ಅಂತ ಕೋರ್ಟು ನಿಮ್ಮನ್ನೂ ಕೇಳುತ್ತೆ. ಕಡಿದ ಮರಗಳ ನಷ್ಟ ನಿಮ್ಮ ಮೇಲೂ ಬರಬಹುದು."

ದೊಡ್ಡಮುನಿಯಮ್ಮ ತನ್ನ ಗಂಟು ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡಳು.

"ಗಂಗ ಹೇಳಿದ್ಲು ನಂಗೆ. ನೀನು ಓದಿಲ್ದಿದ್ರೂ ಪರವಾಗಿಲ್ಲ ದೊಡ್ಡಮ್ಮೀ, ನೀನು ಯಾರ ಮುಲಾಜೂ ನೋಡೋಳಲ್ಲ, ಅದಕ್ಕೇ ನಿನ್ನ ಹೆಸರು ಬರೆಸಿದೀನಿ ಅಂತ. ನಾನು ಏನ್ಮಾಡ್ದೆ? ಈ ಬೆಳೆ ಮುಗೀಲಿ ಹೋಗಣ, ಮುಂದಿನ ಬೆಳೆ ಮುಗೀಲಿ ಹೋಗಣ ಅಂತಿದ್ದೆ. ನನ್ನ ಮೊಮ್ಮಗಳು ದಿವ್ಯ ಎರಡು ವರ್ಷ ಅದೇ ಹಾಸ್ಟೆಲಲ್ಲಿದ್ಲು. ಏನು ತಿಂತೀಯೇ ಅಂತ ಅವಳ್ನೂ ಒಂದು ಮಾತು ಕೇಳ್ಲಿಲ್ಲ." ಅವಳು ಮೂಗೊರೆಸಿಕೊಂಡಳು. "ಬರ್ಕೋಮ್ಮಾ. ನಾನು ಇರ್ಲಿಲ್ಲ. ಹೊಲ ಹೋಗೋದಾದ್ರೆ ಹೋಗ್ಲಿ. ಗಂಗನ ತೋಪು ಮಕ್ಕಳಿಗೆ ಬರ್ಬೇಕು."

"ಅತ್ತೆ!" ಎಂದಳು ಸುನಂದ.

"ಸುಮ್ಕಿರೇ."

ಶ್ರೀವಾಣಿ ಬರೆಯತೊಡಗಿದಳು. ಬೆಳಗಿನಿಂದ ಮೊದಲ ಸಲ ಅವಳ ಎದೆಯಲ್ಲಿ ಸ್ವಲ್ಪ ಗಾಳಿಯಾಡಿತು.

"ಹಾಗಾದ್ರೆ ಸಹಿ?" ಎಂದರು ಮೇಷ್ಟ್ರು ನಿಧಾನವಾಗಿ. "ಈಕೆ ಇರ್ಲಿಲ್ಲ ಅನ್ನಿ, ಪರವಾಗಿಲ್ಲ. ಆದ್ರೆ ಪುಸ್ತಕದಲ್ಲಿ ಈಕೆ ಸಹಿ ಇದೆಯಲ್ಲ. ಮನೇಲೇ ಕೂತು ಒಪ್ಪಿ ಹಾಕಿದ್ದು."

"ನಾನು ಯಾವ ಪುಸ್ತಕಕ್ಕೂ ಸೈನ್ ಹಾಕಿಲ್ಲ."

"ಇಲ್ಲದಿದ್ರೆ ಖೋಟಾ ಸಹಿ ಅಂತಾಯ್ತು. ಖೋಟಾ ಸಹಿಗೆ ಜೈಲು. ಯಾರು ಹಾಕಿದ್ರು ಅಂತ ಪೊಲೀಸರು ಬಂದು ಮನೆಯವರನ್ನೆಲ್ಲಾ ಕೂರಿಸಿ ಕೇಳ್ತಾರೆ. ನೋಡಮ್ಮಾ, ಸರಿಯಾಗಿ ನೋಡಿ ಹೇಳು."

ಶ್ರೀವಾಣಿ ಪುಸ್ತಕವನ್ನು ಮುದುಕಿಯ ಮುಂದೆ ಹಿಡಿದಳು. ದೊಡ್ಡಮುನಿಯಮ್ಮನಿಗೆ ಓದಲು ಬರುತ್ತಿರಲಿಲ್ಲ, ತನ್ನ ಹೆಸರನ್ನಷ್ಟೇ ಬರೆಯಲು ಬರುತ್ತಿತ್ತು. ಅದನ್ನೂ ದಿವ್ಯಳೇ ಕಲಿಸಿದ್ದು, ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಟ್ಟು, ಅದರ ಮೇಲೇ ತಿದ್ದಿಸಿ ತಿದ್ದಿಸಿ. ಬೆಳಿಗ್ಗೆ ಶ್ರೀವಾಣಿ ಕೊಟ್ಟ ನೋಟೀಸಿಗೆ ಹಾಕಿದ ಅವಳ ಸಹಿ ನಡುಗುತ್ತ ಮೇಲೇರಿ ಹೋಗಿತ್ತು. ಪುಸ್ತಕದಲ್ಲಿದ್ದ ಸಹಿ ನೆಟ್ಟಗೆ, ಬಿರುಸಾಗಿ, ಒಂದೇ ಉಸಿರಿನಲ್ಲಿ ಹಾಕಿದ್ದು.

ಮುದುಕಿ ಅದನ್ನು ನೋಡಿದಳು. ಹಾಳೆಯ ಮೇಲೆ ಬೆರಳಾಡಿಸಿದಳು. ಅವಳ ಮುಖದಲ್ಲಿದ್ದ ಗಟ್ಟಿತನವೆಲ್ಲ ಮೆಲ್ಲನೆ ಇಳಿದುಹೋಯಿತು. ಹಿತ್ತಲಿನ ಕಡೆ ಒಮ್ಮೆ ತಿರುಗಿ ನೋಡಿದಳು. ಅಲ್ಲಿ ದಿವ್ಯ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

"ಇದು ನಂದೇ ಸೈನು," ಎಂದಳು ದೊಡ್ಡಮುನಿಯಮ್ಮ.

"ಅಮ್ಮಾ?"

"ನಂದೇ. ಮೇಷ್ಟ್ರು ಬಂದಿದ್ರು. ಚಾಪೆ ಹಾಕಿದ್ವಿ. ಎಲ್ಲಾ ಕೂತು ಮಾತಾಡಿದ್ವಿ."

"ಅಮ್ಮಾ, ಈಗಿನ್ನೂ ನೀವೇ..."

"ಮರೆತೋಗಿತ್ತು. ವಯಸ್ಸಾಯ್ತಲ್ಲ." ಅವಳು ಶ್ರೀವಾಣಿಯ ಕಣ್ಣು ತಪ್ಪಿಸಿದಳು. "ಊದುಬತ್ತೀನೂ ಹಚ್ಚಿದ್ವಿ. ಸಾಂಬ್ರಾಣೀನೂ ಹಾಕಿದ್ವಿ. ಬರ್ಕೋ."

ಸುನಂದ ಬಾಯಿ ತೆರೆದು ನಿಂತಿದ್ದಳು. ಮೇಷ್ಟ್ರು ಮಾತ್ರ ಕುಣಿಯುವುದೊಂದು ಬಾಕಿ. "ಬರ್ಕೊಳ್ಳಿ ಕಮಿಷನರ್ ಮೇಡಂ! ಸಾಕ್ಷಿ ಏನು ಹೇಳ್ತಾರೋ ಅದನ್ನ ಬರ್ಕೊಳ್ಳೋದಷ್ಟೇ ನಿಮ್ಮ ಕೆಲಸ. ತೀರ್ಪು ಕೊಡೋದು ನೀವಲ್ಲ."

ಅದೂ ನಿಜವೇ. ಈ ಮನುಷ್ಯನ ಬಾಯಲ್ಲಿ ಬರುವ ಪ್ರತಿಯೊಂದು ನಿಜವೂ ಕೊಳೆತು ನಾರುತ್ತಿತ್ತು. ಶ್ರೀವಾಣಿ ಪೆನ್ನು ಹಿಡಿದು ಕೂತಳು. ಇದನ್ನು ಬರೆದರೆ ತೋಪು ಹೋಯಿತು, ಹಾಸ್ಟೆಲೂ ಹೋಯಿತು. ಬರೆಯದೆ ಇರುವ ಹಾಗಿಲ್ಲ. ಮೊಮ್ಮಗಳೊಬ್ಬಳನ್ನು ಉಳಿಸಲು ಮುದುಕಿ ನಲವತ್ತೊಂದು ಹುಡುಗಿಯರನ್ನು ಬಿಟ್ಟುಕೊಡುತ್ತಿದ್ದಳು. ಅವಳ ಮೇಲೆ ಸಿಟ್ಟು ಬಂತು, ಆ ಸಿಟ್ಟಿಗೇ ನಾಚಿಕೆಯೂ ಆಯಿತು.

ಅವಳು ಎರಡು ಸಾಲು ಬರೆದಿದ್ದಳು. ಅಷ್ಟರಲ್ಲಿ ಹಿತ್ತಲಿನ ಬಾಗಿಲಿನಿಂದ ದಿವ್ಯ ಬಂದಳು, ಒದ್ದೆ ಕೈಗಳನ್ನು ಚೂಡಿದಾರಕ್ಕೆ ಒರೆಸಿಕೊಳ್ಳುತ್ತ. ಬಿ.ಕಾಂ. ಕೊನೇ ವರ್ಷ. ಹಾಸ್ಟೆಲಿನ ಬಾಗಿಲು ಹಾಕಿದಾಗಿನಿಂದ ಕಾಲೇಜೂ ಇರಲಿಲ್ಲ.

"ಸಾಕು ಅಜ್ಜಿ. ಸುಳ್ಳು ಹೇಳ್ಬೇಡ."

"ಒಳಗೆ ಹೋಗೇ!"

"ಹೋಗಲ್ಲ. ಮೇಡಂ, ಆ ಸೈನ್ ಹಾಕಿದ್ದು ನಾನು."

ದೊಡ್ಡಮುನಿಯಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ದಿವ್ಯ ಕಂಬ ಹಿಡಿದು ನಿಂತೇ ಹೇಳಿದಳು.

"ಹಬ್ಬಕ್ಕೆ ಅಂತ ಊರಿಗೆ ಬಂದಿದ್ದೆ. ಅಮರನಾಥ್ ಸಾರ್ ಬೈಕಲ್ಲಿ ಬಂದ್ರು. ಅಜ್ಜಿ ಒಳಗೆ ಹುಳ ಆಯ್ತಿದ್ರು, ಕರೆಯೋಕಾಗಲ್ಲ ಸಾರ್ ಅಂದೆ. 'ಹುಳ ಬಿಟ್ಟು ಎಬ್ಬಿಸ್ಬೇಡಮ್ಮಾ ಪಾಪ, ಹಾಸ್ಟೆಲ್ ರಿಪೇರಿ ವಿಷಯ ಅಷ್ಟೇ, ನೀನೇ ಹಾಕು, ಅಜ್ಜಿಗೆ ಸೈನ್ ಕಲಿಸಿದೋಳು ನೀನೇ ಅಂತೆ' ಅಂದ್ರು. ನಮ್ಮ ಮನೇಲಿ ಹುಳ ಹಣ್ಣಾದ ದಿನ ಯಾರು ಸತ್ರೂ ಅಜ್ಜೀನ ಎಬ್ಬಿಸಲ್ಲ ಮೇಡಂ. ಹಾಕಿಬಿಟ್ಟೆ. ಆಮೇಲೆ ತೋಪು ಕಡಿದಾಗ ಗೊತ್ತಾಯ್ತು. ಹೇಳೋಕೆ ಹೆದರಿಕೆ ಆಯ್ತು."

ಮೇಷ್ಟ್ರು ಎದ್ದು ಶಲ್ಯ ಕೊಡವಿದರು. "ಆಯ್ತಲ್ಲ! ಖೋಟಾ ಸಹಿ, ಅದೂ ಟ್ರಸ್ಟಿಯ ಮನೆಯಲ್ಲೇ. ನಾನು ನಂಬಿ ಮೋಸ ಹೋದವನು. ಬರ್ಕೊಳ್ಳಿ."

"ಕೂತ್ಕೊಳ್ಳಿ ಮೇಷ್ಟ್ರೇ," ಎಂದಳು ಶ್ರೀವಾಣಿ. ಅವಳಿಗೆ ಏನೋ ಕೊರೆಯುತ್ತಿತ್ತು. ಒಂದು ಸಹಿಗಾಗಿ ಮುಳಬಾಗಿಲಿನಿಂದ ಇಷ್ಟು ದೂರ, ಅದೂ ಹಬ್ಬದ ದಿನ, ಮನೆಯವರ ಕೈ ಬಿಡುವಿಲ್ಲದ ಹೊತ್ತು ನೋಡಿಯೇ ಬಂದಿದ್ದನಲ್ಲ ಆ ಅಮರನಾಥ್? ಅವನು ರೇಷ್ಮೆ ಮನೆಗಳಿಗೇ ಗೊಬ್ಬರ ಮಾರುವವನು. ಯಾವ ಮನೆಯಲ್ಲಿ ಹುಳ ಯಾವಾಗ ಹಣ್ಣಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ದಿವ್ಯಾ, ಎಷ್ಟು ಸೈನ್ ಹಾಕ್ದೆ?"

"ಪುಸ್ತಕಕ್ಕೆ ಒಂದು. ಆಮೇಲೆ ಬೇರೆ ಕಾಗದ ಮೂರು."

"ಯಾವ ಮೂರು?" ಕೇಳಿದ್ದು ಶ್ರೀವಾಣಿಯಲ್ಲ, ಮೇಷ್ಟ್ರು.

"ಸ್ಟ್ಯಾಂಪ್ ಪೇಪರ್ ಸಾರ್. ಎರಡು ಖಾಲಿ ಇದ್ವು. ಮೂರನೇದರಲ್ಲಿ ಟೈಪ್ ಮಾಡಿತ್ತು, ನಮ್ಮ ಹಾಸ್ಟೆಲ್ ಅಡ್ರೆಸ್ಸು, ಮುಂದೆ ಹಿಂದೆ ಇರೋ ರಸ್ತೆ ಎಲ್ಲಾ. ಮೂರರಲ್ಲೂ ನಿಮ್ಮ ಸೈನ್ ಆಗ್ಲೇ ಇತ್ತು."

"ನಂದಾ? ನಾನು ಯಾವ ಸ್ಟ್ಯಾಂಪ್ ಪೇಪರಿಗೂ ಸಹಿ ಹಾಕಿಲ್ಲ!"

ಮೇಷ್ಟ್ರ ಕೈಯಿಂದ ಶಲ್ಯ ಜಾರಿತು. ಹಣೆಯ ಮೇಲೆ ಬೆವರು ಕಂಡಿತು. ಈ ಒಂದು ಮಾತನ್ನು ಮಾತ್ರ ಅವರು ಸುಳ್ಳು ಹೇಳುತ್ತಿಲ್ಲ ಎಂದು ಶ್ರೀವಾಣಿಗೆ ಖಾತ್ರಿಯಾಯಿತು. ಅಮರನಾಥ್ ಮೇಷ್ಟ್ರ ಸಹಿಯನ್ನೂ ಖೋಟಾ ಮಾಡಿ, ಅವರಿಗೇ ತಿಳಿಯದಂತೆ ಹಾಸ್ಟೆಲನ್ನೂ ಮಾರಲು ಕ್ರಯಪತ್ರ ಸಿದ್ಧಮಾಡಿಕೊಂಡಿದ್ದ.

"ನನಗೇನೂ ಗೊತ್ತಿಲ್ಲ ತಾಯಿ. ದೇವರಾಣೆ ಗೊತ್ತಿರಲಿಲ್ಲ," ಎನ್ನುತ್ತ ಅವರು ಫೋನು ತೆಗೆದು ಒತ್ತಿದರು, ಕಿವಿಗಿಟ್ಟರು, ಮತ್ತೆ ಒತ್ತಿದರು. ಅಮರನಾಥನ ಫೋನು ಸ್ವಿಚ್ ಆಫ್ ಆಗಿತ್ತು. "ಅಂಗಡೀಲಿ ಇರ್ತಾನೆ. ನಡೀರಿ, ಈಗಲೇ ಅಂಗಡಿಗೆ ಹೋಗೋಣ."

"ಯಾವ ಅಂಗಡಿ ಸಾಮಿ?" ಎಂದಳು ಸುನಂದ. "ದೀಪಾವಳಿಗೆ ಮುಂಚೇನೇ ಬೋರ್ಡು ಕಿತ್ತು, ಸಾಮಾನೆಲ್ಲ ಲಾರಿಗೆ ತುಂಬ್ಕೊಂಡು ಹೋದ್ರಲ್ಲ ಅವರು. ಹೆಂಡ್ತಿ ಮಕ್ಕಳ ಸಮೇತ. ನಿಮ್ಮ ಜೊತೆ ಟ್ರಸ್ಟಲ್ಲಿರೋರು, ನಿಮಗೆ ಹೇಳ್ಲಿಲ್ವಾ?"